ಮರುಭೂಮಿಯ ಬಯಲಿನಲ್ಲಿ ಮನೆಗಾಡಿಗಳ ಊರು

ಸಹೋದರಿಯರೇ, ಅಡುಗೆಮನೆ, ಮಲಗುವ ಕೋಣೆ, ಬಚ್ಚಲು, ಕಕ್ಕಸು ಎಲ್ಲವನ್ನೂ ಒಂದೇ ಬಸ್ಸಿನೊಳಗೆ ಇಟ್ಟುಕೊಂಡು ಊರೂರು ಸುತ್ತುವವರ ಬಗ್ಗೆ ನೀವು ಕೇಳಿರಬಹುದು. ಅಮೆರಿಕದಲ್ಲಿ ಇಂತಹ ಗಾಡಿಗೆ ಆರ್.ವಿ. ಎನ್ನುತ್ತಾರೆ. 2024ರ ಜನವರಿಯಲ್ಲಿ ಅರಿಝೋನಾ ರಾಜ್ಯದ ಫೀನಿಕ್ಸ್ ನಗರದಲ್ಲಿರುವ ತಮ್ಮನ ಮನೆಗೆ ಹೋಗಿದ್ದಾಗ ಅಂತಹದ್ದೊಂದು ಗಾಡಿಯಲ್ಲಿ ನಾನು ನಾಲ್ಕು ದಿನ ಕಳೆದೆ. ನಾವು ಹೋದದ್ದು ಕ್ವಾರ್ಟ್ಸ್‌ಸೈಟ್ ಎಂಬ ಊರಿಗೆ. ಫೀನಿಕ್ಸ್‌ನಿಂದ ಪಶ್ಚಿಮಕ್ಕೆ ಸುಮಾರು 200 ಕಿ.ಮೀ. 2020ರ ಜನಗಣತಿಯಂತೆ ಅಲ್ಲಿ ಎರಡೂವರೆ ಸಾವಿರ ಜನರೂ ಇಲ್ಲ. ಆದರೆ ಚಳಿಗಾಲ ಬಂತೆಂದರೆ ಸುತ್ತಲಿನ ಮರುಭೂಮಿಯ ತುಂಬ ಗಾಡಿಗಳೇ. ಉತ್ತರದ ಹಿಮದಿಂದ ತಪ್ಪಿಸಿಕೊಂಡು ಬಂದ ವೃದ್ಧ ದಂಪತಿಗಳೇ ಅವರಲ್ಲಿ ಹೆಚ್ಚು.

ಆ ಊರಿನ ಕಬರಸ್ತಾನದಲ್ಲಿ ಹಾಜಿ ಅಲಿ ಎಂಬವರ ಸಮಾಧಿಯಿದೆ. ಅಮೆರಿಕದ ಸೈನ್ಯವು ಒಂಟೆಗಳನ್ನು ಸಾಮಾನು ಸಾಗಣೆಗೆ ಬಳಸಲು ಹೊರಟಾಗ, 1856ರಲ್ಲಿ, ಒಂಟೆಗಳನ್ನು ನೋಡಿಕೊಳ್ಳಲು ಬಂದವರು. ಅಲ್ಲಿನವರ ಬಾಯಲ್ಲಿ ಅವರ ಹೆಸರು 'ಹೈ ಜಾಲಿ' ಎಂದಾಯಿತು. 1902ರಲ್ಲಿ ತೀರಿಕೊಂಡರು. ಕಲ್ಲಿನ ಪಿರಮಿಡ್ಡಿನ ಮೇಲೆ ಪುಟ್ಟದೊಂದು ಲೋಹದ ಒಂಟೆ. ಅದನ್ನು ನೋಡಲೆಂದೇ ತಮ್ಮ ನನ್ನನ್ನು ಹೊರಡಿಸಿದ್ದ. ಆದರೆ ನಾನು ಹೇಳಹೊರಟಿರುವುದು ಆ ಗಾಡಿಯ ಕಕ್ಕಸಿನ ವಿಷಯ. ಮೂಗು ಮುರಿಯಬೇಡಿ, ಶುಚಿತ್ವದ ಮಾತು ನಮಗೆ ಹೊಸತಲ್ಲ.

ಗಾಡಿಯ ಬಾಗಿಲು ತೆರೆದ ಕೂಡಲೇ ಕೆಟ್ಟ ವಾಸನೆ ಮುಖಕ್ಕೆ ಹೊಡೆಯಿತು. "ನಾನೆಷ್ಟು ತೊಳೆದರೂ ಹೋಗುತ್ತಿಲ್ಲ ಆಪಾ" ಎಂದು ತಮ್ಮನ ಹೆಂಡತಿ ಕಣ್ಣೀರು ಹಾಕಿದಳು. ಎರಡು ದಿನದಿಂದ ಫಿನಾಯಿಲ್ ಹಾಕಿ ನೆಲ ಉಜ್ಜಿದ್ದಳು, ಪಾಪ. "ಇವಳು ಸರಿಯಾಗಿ ತೊಳೆದಿಲ್ಲ" ಎಂದು ತಮ್ಮ ನನ್ನೆದುರೇ ಹೇಳಿದ. ಇನ್ನೆಂದೂ ಈ ಗಾಡಿ ಹತ್ತುವುದಿಲ್ಲವೆಂದು ಅವಳು ದಾರಿಯುದ್ದಕ್ಕೂ ಮಾತು ಬಿಟ್ಟಳು.

ತಪ್ಪು ಎಲ್ಲಿತ್ತೆಂದು ನಮಗೆ ತಿಳಿಸಿದ್ದು ಕ್ವಾರ್ಟ್ಸ್‌ಸೈಟ್‌ನಲ್ಲಿ ಪಕ್ಕದ ಗಾಡಿಯ ಅಜ್ಜಿ. ಕೆನಡಾದವರು, ಪ್ರತಿ ಚಳಿಗಾಲ ಇಲ್ಲಿ ಕಳೆದು ಏಪ್ರಿಲ್‌ನಲ್ಲಿ ಗಾಡಿಯನ್ನು ಅರಿಝೋನಾದ ಯಾರ್ಡಿನಲ್ಲೇ ಬಿಟ್ಟು ಊರಿಗೆ ಹೋಗುವವರು. ಗಾಡಿಯ ಅಡಿಯಲ್ಲಿ ಎರಡು ಟ್ಯಾಂಕುಗಳಿರುತ್ತವೆ. ಪಾತ್ರೆ ತೊಳೆದ, ಸ್ನಾನ ಮಾಡಿದ ನೀರು ಸೇರುವುದು ಗ್ರೇ ಟ್ಯಾಂಕು. ಕಕ್ಕಸಿನದು ಬ್ಲ್ಯಾಕ್ ಟ್ಯಾಂಕು. ತಮ್ಮ ಕಳೆದ ಮೇ ತಿಂಗಳಲ್ಲಿ ಚರಂಡಿ ಸಂಪರ್ಕವಿದ್ದ ಜಾಗದಲ್ಲಿ ಒಂದು ವಾರ ಗಾಡಿ ನಿಲ್ಲಿಸಿ, ಬ್ಲ್ಯಾಕ್ ಟ್ಯಾಂಕಿನ ವಾಲ್ವನ್ನು ಅಷ್ಟೂ ದಿನ ತೆರೆದೇ ಬಿಟ್ಟಿದ್ದ. ನೀರೆಲ್ಲ ಹರಿದುಹೋಗಿ ಗಟ್ಟಿಯಾದದ್ದು ಮತ್ತು ಕಾಗದ ಮಾತ್ರ ತಳದಲ್ಲಿ ಉಳಿದಿತ್ತು. ಅದನ್ನು ತೊಳೆಯದೆ ಗಾಡಿಯನ್ನು ಯಾರ್ಡಿನಲ್ಲಿ ನಿಲ್ಲಿಸಿದ. ಆ ವರ್ಷ ಫೀನಿಕ್ಸ್‌ನಲ್ಲಿ ಜೂನ್ 30ರಿಂದ ಜುಲೈ 30ರವರೆಗೆ ಸತತ 31 ದಿನ ಉಷ್ಣತೆ 43 ಡಿಗ್ರಿ ಮುಟ್ಟಿತ್ತು. ತಳದಲ್ಲಿದ್ದುದು ಸಿಮೆಂಟಿನಂತೆ ಅಂಟಿಕೊಂಡಿತು. ಬಚ್ಚಲಿನ ಕೊಳವೆಯ ಬಾಗಿನಲ್ಲಿ ನಿಂತು ವಾಸನೆ ತಡೆಯುವ ನೀರು ಆರಿತು. ಕಕ್ಕಸಿನ ಬಾಯಿಯ ರಬ್ಬರೂ ಒಣಗಿ ಬಿರುಕು ಬಿಟ್ಟಿತು. ಟ್ಯಾಂಕು ಖಾಲಿಯಿದ್ದರೂ ಮುಕ್ಕಾಲು ತುಂಬಿದೆ ಎಂದು ಮೀಟರ್ ತೋರಿಸುತ್ತಿತ್ತು. ಒಳಗಿನ ಮುಳ್ಳುಗಳಿಗೆ ಕಾಗದ ಅಂಟಿತ್ತು. ನೆಲ ಉಜ್ಜಿದರೆ ಇದೆಲ್ಲ ಹೋಗುವುದೇ?

ಅಜ್ಜಿ ಹೇಳಿದಂತೆ ಅರ್ಧ ಟ್ಯಾಂಕು ನೀರು ತುಂಬಿ, ಮಲವನ್ನು ಕರಗಿಸುವ ಎಂಜೈಮ್ ಪುಡಿ ಹಾಕಿ, ರಾತ್ರಿಯಿಡೀ ನೆನೆಸಿದೆವು. ಬೆಳಿಗ್ಗೆ ಉಬ್ಬುತಗ್ಗಿನ ದಾರಿಯಲ್ಲಿ ಗಾಡಿ ಓಡಿಸಿ ಒಳಗಿನ ನೀರು ಅಲ್ಲಾಡುವಂತೆ ಮಾಡಿ, ಡಂಪ್ ಸ್ಟೇಷನ್ನಿಗೆ ಹೋದೆವು. ಬಯಲಿನ ನೆಲಕ್ಕೆ ಚೆಲ್ಲುವಂತಿಲ್ಲ, ಚರಂಡಿಯ ಬಾಯಿಗೇ ಪೈಪು ಜೋಡಿಸಬೇಕು. ಮೂರು ದಿನ ಮೂರು ಸಲ ಹೀಗೆ ಮಾಡಿದ ಮೇಲೆ ತಿಳಿ ನೀರು ಬಂತು. ಮೊದಲು ಬ್ಲ್ಯಾಕ್ ಟ್ಯಾಂಕು, ಆಮೇಲೆ ಗ್ರೇ. ಸೋಪಿನ ನೀರು ಪೈಪನ್ನು ತೊಳೆದುಕೊಂಡು ಹೋಗಲೆಂದು. ಆ ಪೈಪು ಕುಡಿಯುವ ನೀರಿನ ನಲ್ಲಿಯ ಬಳಿ ಸುಳಿಯಬಾರದು.

ನೀರು ಬಳಸುವ ನಮ್ಮ ಅಭ್ಯಾಸದ ಬಗ್ಗೆ ನಾನು ಸಂಕೋಚದಿಂದಲೇ ಹೇಳಿದೆ. ಅಜ್ಜಿ ನಕ್ಕರು. ಟ್ಯಾಂಕಿಗೆ ನೀರಿಗಿಂತ ಒಳ್ಳೆಯ ಔಷಧವಿಲ್ಲವಂತೆ, ಕಾಗದವೇ ಅದರ ಶತ್ರುವಂತೆ. ಬೇಗ ತುಂಬುತ್ತದೆ, ಅಷ್ಟೇ. ತಮ್ಮನ ಹೆಂಡತಿಯ ಮುಖದಲ್ಲಿ ಅಂದು ಮೊದಲ ಬಾರಿಗೆ ನಗು ಕಂಡೆ.

ಆ ಬಯಲಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೊಂದು ದೃಶ್ಯ. ಎಪ್ಪತ್ತು ದಾಟಿದ ಗಂಡಸರು ಕೈಗವಸು ತೊಟ್ಟು, ಸಾಲಿನಲ್ಲಿ ನಿಂತು, ತಮ್ಮ ಮನೆಯ ಹೊಲಸನ್ನು ತಾವೇ ಖಾಲಿ ಮಾಡುತ್ತಿದ್ದರು. ಯಾರಿಗೂ ನಾಚಿಕೆಯಿಲ್ಲ. ನಮ್ಮಲ್ಲಿ 2013ರಲ್ಲಿ ಕಾನೂನು ಬಂದ ಮೇಲೂ ಗುಂಡಿಗಿಳಿದು ಸಾಯುವ ಬಡವರ ಸುದ್ದಿ ನಿಂತಿಲ್ಲ. ಮನೆಯೊಳಗಾದರೆ ಕಕ್ಕಸು ತೊಳೆಯುವುದು ಹೆಂಗಸಿನ ಪಾಲು. ಗಾಡಿ ಓಡಿಸುವವನು ಟ್ಯಾಂಕನ್ನೂ ಖಾಲಿ ಮಾಡಲಿ ಎಂದು ನಾನು ತಮ್ಮನಿಗೆ ಖಂಡಿತವಾಗಿ ಹೇಳಿದೆ. ಅಕ್ಕನಾದವಳಿಗೆ ಅಷ್ಟು ಹಕ್ಕಿದೆ.

ಮತ್ತೆ ಯಾರ್ಡಿನಲ್ಲಿ ನಿಲ್ಲಿಸುವ ಮುನ್ನ ಎರಡೂ ಟ್ಯಾಂಕು ತೊಳೆದೆವು. ರಬ್ಬರು ಬದಲಾಯಿಸಿ, ತಳ ಒಣಗದಂತೆ ಒಂದು ಬಕೆಟ್ ನೀರಿಗೆ ಪುಡಿ ಬೆರೆಸಿ ಹಾಕಿ, ವಾಲ್ವ್ ಮುಚ್ಚಿ, ಬಚ್ಚಲಿನ ಬಾಯಿಗಳಿಗೂ ಕಕ್ಕಸಿನ ಬೋಗುಣಿಗೂ ನೀರು ಹೊಯ್ದೆವು. ಸೆಕೆಯ ನಾಡಿಗೆ ಇದು ಸರಿ. ಅಜ್ಜಿಯ ಊರಿನಂತಹ ಹಿಮದ ನಾಡಿನಲ್ಲಿ ಹೀಗೆ ಮಾಡಿದರೆ ನೀರು ಹೆಪ್ಪುಗಟ್ಟಿ ಹಿಗ್ಗಿ ಕೊಳವೆ ಒಡೆಯುತ್ತದೆ. ಅಲ್ಲಿ ನೀರನ್ನೆಲ್ಲ ಬಸಿದು, ಆರ್.ವಿ.ಗೆಂದೇ ಮಾರುವ ಗುಲಾಬಿ ಬಣ್ಣದ ಆ್ಯಂಟಿಫ್ರೀಜ್ ದ್ರವ ಹೊಯ್ಯುತ್ತಾರೆ. ಕಾರಿನ ಎಂಜಿನ್ನಿಗೆ ಹಾಕುವುದು ಸಾಮಾನ್ಯವಾಗಿ ವಿಷ, ಅದನ್ನು ಬಳಸಬಾರದು.

ಶಿವಮೊಗ್ಗದಲ್ಲಿ ಬೀಗ ಹಾಕಿರುವ ನಮ್ಮ ಅಮ್ಮಿಯ ಮನೆಗೆ ನಾನು ತಿಂಗಳಿಗೊಮ್ಮೆ ಹೋಗಿ ಬಚ್ಚಲ ಜಾಲರಿಗೆ ಒಂದು ಚೊಂಬು ನೀರು ಹೊಯ್ದು ಬರುವುದುಂಟು. ದುಡಿಯಲು ಹೊರದೇಶಕ್ಕೆ ಹೋದವರ ಮನೆಗಳ ಕೀಲಿ ನಿಮ್ಮಲ್ಲೂ ಹಲವರ ಬಳಿ ಇದ್ದೀತು. ಅಲ್ಲಿ ವಾಸನೆ ಬಂದರೆ ಮೊದಲು ನೋಡಬೇಕಾದದ್ದು ಅದನ್ನೇ. ಆ ವರ್ಷ ಜೂನ್‌ನಲ್ಲಿ ತಮ್ಮ ಫೋನು ಮಾಡಿ, ಯಾರ್ಡಿಗೆ ಹೋಗಿ ನೀರು ಹೊಯ್ದು ಬಂದೆ ಎಂದ. ಹಿಂದಿನಿಂದ ಅವನ ಹೆಂಡತಿಯ ಧ್ವನಿ ಕೇಳಿಸಿತು: "ಎರಡು ವಾಲ್ವೂ ಮುಚ್ಚಿದ್ದೀರಾ ಕೇಳಿ ಆಪಾ!"