ಕಳಚಿ ಓದುವ ಪರದೆ

ಏಸಸ್‌ನ ಟ್ರಾನ್ಸ್‌ಫಾರ್ಮರ್ ಬುಕ್ ಟಿ100 ಮಾರುಕಟ್ಟೆಗೆ ಬಂದದ್ದು 2013ರಲ್ಲಿ. ನನ್ನ ಕೈಗೆ ಬಂದದ್ದು ಬಹಳ ತಡವಾಗಿ, ಸೆಕೆಂಡ್‌ಹ್ಯಾಂಡ್ ಆಗಿ, ಪಿಎಚ್.ಡಿ.ಯ ಎರಡನೇ ವರ್ಷದಲ್ಲಿ. 10.1 ಇಂಚಿನ ಪರದೆ, 2 ಜಿಬಿ ರ್‍ಯಾಮ್, ಇಂಟೆಲ್ ಆಟಮ್ ಪ್ರೊಸೆಸರ್. ಚಾರ್ಜ್ ಆಗುವುದು ಹಳೆಯ ಫೋನುಗಳ ಹಾಗೆ ಮೈಕ್ರೋ ಯುಎಸ್‌ಬಿಯಿಂದ.

ಗುಂಡಿ ಒತ್ತಿ ಎಳೆದರೆ ಪರದೆ ಬೇರೆಯಾಗಿ ಟ್ಯಾಬ್ಲೆಟ್ ಆಗುತ್ತದೆ. ಪ್ರೊಸೆಸರ್, ಮೆಮೊರಿ, ಬ್ಯಾಟರಿ ಎಲ್ಲವೂ ಇರುವುದು ಪರದೆಯ ಬೆನ್ನಿಗೇ. ನನ್ನದರ ಕೆಳಭಾಗದಲ್ಲಿ ಕೀಲಿಗಳು, ಟಚ್‌ಪ್ಯಾಡ್, ಒಂದು ಯುಎಸ್‌ಬಿ ಕಿಂಡಿ, ಅಷ್ಟೆ.

ಶಾಸನ ನೋಡಲು ಊರೂರು ಅಲೆಯುವವರಿಗೆ ಇದು ಸಣ್ಣ ಅನುಕೂಲವಲ್ಲ. ಕೀಬೋರ್ಡನ್ನು ಚೀಲದಲ್ಲೇ ಬಿಟ್ಟು, ಪರದೆಯನ್ನು ಉದ್ದಕ್ಕೆ ಹಿಡಿದು, ಎಪಿಗ್ರಾಫಿಯಾ ಕರ್ನಾಟಿಕಾದ ಸ್ಕ್ಯಾನ್ ಪುಟವನ್ನು ಕಲ್ಲಿನ ಪಕ್ಕದಲ್ಲೇ ಓದಬಹುದು. ಅಚ್ಚಿನ ಪಾಠಕ್ಕೂ ಕಲ್ಲಿನ ಸಾಲಿಗೂ ಒಂದಕ್ಷರ ವ್ಯತ್ಯಾಸ ಕಂಡರೂ ಅಲ್ಲೇ ಫೋಟೊ ತೆಗೆದಿಡುತ್ತೇನೆ. ರಾತ್ರಿ ಹಾಸ್ಟೆಲ್ಲಿನಲ್ಲಿ ಎರಡೂ ಭಾಗ ಜೋಡಿಸಿದ ಮೇಲೆಯೇ ಬರವಣಿಗೆ. ಓದು ಒಂಟಿಯಾಗಿ ತಿರುಗಬಲ್ಲದು, ಬರವಣಿಗೆಗೆ ಅದು ಸಾಧ್ಯವಿಲ್ಲ. ಇದನ್ನು ನನಗೆ ದಿನವೂ ನೆನಪಿಸುವುದು ಈ ಯಂತ್ರದ ರಚನೆಯೇ.

2 ಜಿಬಿಯಲ್ಲಿ ಹತ್ತು ಕಿಟಕಿ ತೆರೆದಿಡಲಾಗದು. ಒಂದು ಪಿಡಿಎಫ್, ಒಂದು ಅಧ್ಯಾಯ. ಗಮನ ಚದುರದಿರಲು ಅಷ್ಟು ಸಾಕು.

ವಿಂಡೋಸ್ 10ಕ್ಕೆ ಸುರಕ್ಷತಾ ಅಪ್‌ಡೇಟ್‌ಗಳ ಸಾಮಾನ್ಯ ಅವಧಿ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ರ ಅರ್ಹ ಪ್ರೊಸೆಸರ್‌ಗಳ ಪಟ್ಟಿಯಲ್ಲಿ ಇದರದ್ದಿಲ್ಲ. "ಹೊಸದು ತಗೊಳ್ಳಮ್ಮ," ಅನ್ನುತ್ತಾರೆ ಗೈಡ್. ಫೆಲೋಶಿಪ್ಪಿನ ಹಣ ಬಾಡಿಗೆಗೂ ಬಸ್ಸಿಗೂ ಸರಿಹೋಗುತ್ತದೆ. ಅದಕ್ಕೇ ವೈಫೈ ತೆಗೆದುಹಾಕಿದ್ದೇನೆ. ಉಳಿದಿರುವುದು ಎರಡು ಅಧ್ಯಾಯ. ಬರೆದದ್ದನ್ನು ದಿನವೂ ಪೆನ್‌ಡ್ರೈವಿಗೆ ಹಾಕಿಟ್ಟು ಮಲಗುತ್ತೇನೆ.