ಉಪ್ಪಿನ ಬೆಟ್ಟದ ಬುಡದ ಊರು

ಆಸ್ಟ್ರಿಯಾದ ಹಾಲ್‌ಸ್ಟಾಟ್ ನಿಲ್ದಾಣದಲ್ಲಿ ಇಳಿದವರಿಗೆ ಹಾಲ್‌ಸ್ಟಾಟ್ ಸಿಗುವುದಿಲ್ಲ. ಪುಟ್ಟ ಪ್ಲಾಟ್‌ಫಾರ್ಮು, ಬೆನ್ನಿಗೆ ಕಾಡು, ಎದುರಿಗೆ ಸರೋವರ, ಅಷ್ಟೆ. ಊರು ಇರುವುದು ಆಚೆ ದಡದಲ್ಲಿ. ಸಾಲ್ಜ್‌ಬರ್ಗ್‌ನಿಂದ ಬೆಳಗಿನ ರೈಲು ಹಿಡಿದು, ದಾರಿಯಲ್ಲಿ ಒಮ್ಮೆ ಗಾಡಿ ಬದಲಿಸಿ, ಅಮ್ಮ, ನನ್ನ ಹೆಂಡತಿ, ಮಗಳು ಮತ್ತು ನಾನು ಅಲ್ಲಿ ಇಳಿದಾಗ ನೀರಿನ ಮೇಲೆ ಮಂಜು ಕವಿದಿತ್ತು. ಅಕ್ಟೋಬರ್ ಕೊನೆಯ ವಾರ. ರೈಲಿಗಾಗಿಯೇ ಕಾದಿದ್ದ ದೋಣಿ ನಮ್ಮನ್ನು ಹತ್ತಿಸಿಕೊಂಡು ಹೊರಟಿತು. ನಡುನೀರಿಗೆ ಬರುವಷ್ಟರಲ್ಲಿ ಮಂಜಿನೊಳಗಿಂದ ಮೊದಲು ಚರ್ಚಿನ ಚೂಪು ಗೋಪುರ, ಆಮೇಲೆ ಒಂದರ ಹೆಗಲ ಮೇಲೊಂದು ಕೂತ ಮರದ ಮನೆಗಳು, ಕೊನೆಗೆ ಅವುಗಳ ಹಿಂದೆ ನೆಟ್ಟಗೆ ಎದ್ದ ಬೆಟ್ಟ ಮೂಡಿಬಂದವು. ಬೀಚ್ ಮರಗಳು ಹಳದಿ, ಕೆಂಗಂದು ಬಣ್ಣಕ್ಕೆ ತಿರುಗಿದ್ದವು. ಇನ್ನೂ ಮೇಲೆ ಲಾರ್ಚ್ ಮರಗಳು ಎಲೆ ಉದುರಿಸುವ ಮುನ್ನ ಅಪ್ಪಟ ಹೊನ್ನಾಗಿದ್ದವು. ಯಾರೂ ಮಾತಾಡಲಿಲ್ಲ. ಸದಾ ಪ್ರಶ್ನೆ ಕೇಳುವ ಮಗಳೂ ಸುಮ್ಮನಿದ್ದಳು.

ಬೆಟ್ಟಕ್ಕೂ ನೀರಿಗೂ ನಡುವೆ ಇಲ್ಲಿ ಜಾಗವೇ ಇಲ್ಲ. 1890ರವರೆಗೆ ಈ ಊರಿಗೆ ಗಾಡಿ ರಸ್ತೆಯೂ ಇರಲಿಲ್ಲ. ದೋಣಿಯಲ್ಲಿ ಬರಬೇಕು, ಇಲ್ಲವೇ ಕಡಿದಾದ ಕಾಲುದಾರಿ ಹಿಡಿಯಬೇಕು. ಪೇಟೆ ಚೌಕದ ಒಂದು ಮನೆಯ ಗೋಡೆಗೆ ಪೇರ್ ಹಣ್ಣಿನ ಮರವೊಂದನ್ನು ಚಪ್ಪಟೆಯಾಗಿ ಹಬ್ಬಿಸಿದ್ದಾರೆ. ಕಾಂಡ ಅಂಗೈ ಅಗಲದ ಮಣ್ಣಿನಲ್ಲಿದೆ, ಕೊಂಬೆಗಳು ಕಿಟಕಿಗಳನ್ನು ಬಳಸಿಕೊಂಡು ಸೂರಿನವರೆಗೆ ಏರಿವೆ. ಅಮ್ಮ ಆ ಕಾಂಡವನ್ನು ಮುಟ್ಟಿ ನೋಡಿದರು.

ಇಷ್ಟು ಇಕ್ಕಟ್ಟಿನಲ್ಲಿ ಜನ ಯಾಕೆ ನೆಲೆಸಿದರು? ಉಪ್ಪಿಗಾಗಿ. ಊರಿನ ಮೇಲಿನ ಬೆಟ್ಟದ ಹೊಟ್ಟೆಯೆಲ್ಲ ಉಪ್ಪು. ಸುಮಾರು 7000 ವರ್ಷಗಳಿಂದ ಮನುಷ್ಯರು ಅದನ್ನು ತೆಗೆಯುತ್ತಲೇ ಇದ್ದಾರೆ. ಗಣಿಯೊಳಗೆ ಸಿಕ್ಕ ಮರದ ಮೆಟ್ಟಿಲೊಂದರ ದಿಮ್ಮಿಗಳನ್ನು ಕಡಿದದ್ದು ಕ್ರಿಸ್ತಪೂರ್ವ 1344ರ ಸುಮಾರಿಗೆ. ಇವತ್ತಿಗೂ ಅದು ಗಟ್ಟಿಮುಟ್ಟಾಗಿದೆ. ಆ ಕಾಲದ ಬಣ್ಣದ ನೇಯ್ಗೆ, ತುಪ್ಪಟದ ಟೋಪಿ, ಉಪ್ಪು ಹೊರುತ್ತಿದ್ದ ಚರ್ಮದ ಚೀಲ, ಎಲ್ಲವೂ ಉಳಿದಿವೆ. 1734ರಲ್ಲಿ ಉಪ್ಪಿನೊಳಗೆ ಹುದುಗಿದ್ದ ಹಳೆಯ ಕಾಲದ ಗಣಿಯಾಳೊಬ್ಬನ ದೇಹವೇ ಸಿಕ್ಕಿತ್ತು. ನಾನು ಇದನ್ನೆಲ್ಲ ಹೇಳುತ್ತಿದ್ದರೆ ಅಮ್ಮ, "ಮಿಡಿಮಾವಿನ ಹಾಗೆ ಕಣೋ, ಉಪ್ಪಿಗೆ ಹಾಕಿದ್ದು ಕೆಡಲ್ಲ" ಎಂದರು. ಅದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ.

1846ರಲ್ಲಿ ಗಣಿಯ ಅಧಿಕಾರಿ ಯೋಹಾನ್ ಗಿಯೋರ್ಗ್ ರಾಮ್‌ಸೌವರ್ ಬೆಟ್ಟದ ಕಣಿವೆಯಲ್ಲಿ ಪುರಾತನ ಸಮಾಧಿಗಳನ್ನು ಕಂಡ. ಮುಂದೆ 17 ವರ್ಷ ಅಗೆದು, ಸಿಕ್ಕಿದ್ದನ್ನೆಲ್ಲ ಜಲವರ್ಣದ ಚಿತ್ರಗಳಲ್ಲಿ ದಾಖಲಿಸಿಟ್ಟ. ಬಾಲ್ಟಿಕ್ ತೀರದ ಅಂಬರ್ ಮಣಿಗಳೂ ಆನೆದಂತದ ಹಿಡಿಯ ಕತ್ತಿಗಳೂ ಅಲ್ಲಿದ್ದವು. ಉಪ್ಪು ಕೊಟ್ಟು ದೂರದ ಲೋಕವನ್ನೇ ತರಿಸಿಕೊಂಡಿದ್ದ ಜನ ಅವರು. ಮಧ್ಯ ಯುರೋಪಿನ ಮೊದಲ ಕಬ್ಬಿಣ ಯುಗಕ್ಕೆ ಈ ಪುಟ್ಟ ಊರಿನ ಹೆಸರೇ ನಿಂತಿದೆ.

ಮಧ್ಯಾಹ್ನ ನೀರಿನ ಪಕ್ಕದ ಬೆಂಚಿನಲ್ಲಿ ಚಪಾತಿ, ಚಟ್ನಿಪುಡಿ ತಿಂದು ಮೆಟ್ಟಿಲು ಹತ್ತಿ ಮೇಲಿನ ಚರ್ಚಿಗೆ ಹೋದೆವು. ಅದರ ಅಂಗಳವೇ ಊರಿನ ಸ್ಮಶಾನ, ಸಣ್ಣದು. ಹೂಳಲು ಜಾಗ ಸಾಲದೆ ಹಿಂದಿನವರು ಕೆಲವು ವರ್ಷಗಳ ನಂತರ ಗೋರಿ ತೆರೆದು ತಲೆಬುರುಡೆಯನ್ನು ಹೊರತೆಗೆದು, ಬಿಸಿಲಿಗಿಟ್ಟು ಬಿಳುಪಾಗಿಸಿ, ಅದರ ಮೇಲೆ ಬಣ್ಣದ ಹೂಬಳ್ಳಿ ಬರೆಸುತ್ತಿದ್ದರು. ಪಕ್ಕದ ಪುಟ್ಟ ಕೋಣೆಯಲ್ಲಿ ಸುಮಾರು 1200 ಬುರುಡೆಗಳಿವೆ. ಅವುಗಳಲ್ಲಿ 600ಕ್ಕೂ ಹೆಚ್ಚು ಚಿತ್ರ ಬರೆದವು. ಒಂದರ ಹಣೆಯ ಸುತ್ತ ಹಸಿರು ಐವಿ ಬಳ್ಳಿ, ಇನ್ನೊಂದಕ್ಕೆ ಗುಲಾಬಿಯ ದಂಡೆ, ನಡುವೆ ಕಪ್ಪಕ್ಷರದಲ್ಲಿ ಹೆಸರು. ಒಂದೇ ಮನೆತನದವರು ಒಟ್ಟಿಗೆ ಕೂತಿದ್ದಾರೆ. ಮಗಳು ಹೆದರುತ್ತಾಳೆಂದು ನಾನು ಬಾಗಿಲಲ್ಲೇ ತಡೆಯಲು ಹೋದೆ. ಅವಳು ನನ್ನ ಕೈ ಬಿಡಿಸಿಕೊಂಡು ಒಳಗೆ ಹೋಗಿ, "ಇವರ ಮನೆಯವರು ಇವರನ್ನು ತುಂಬಾ ಪ್ರೀತಿಸ್ತಿದ್ರಾ ಅಜ್ಜಿ?" ಎಂದು ಕೇಳಿದಳು. ಅಮ್ಮ "ಹೂಂ ಪುಟ್ಟಾ" ಎಂದು ಕೈಮುಗಿದರು. ಸಾವನ್ನು ಇಷ್ಟು ಅಕ್ಕರೆಯಿಂದ ಅಲಂಕರಿಸಿದ ಜಾಗವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಹೊರಗೆ ಬಂದರೆ ಮಂಜು ಪೂರ್ತಿ ಹರಿದು ಸರೋವರ ಕಡುಹಸಿರಾಗಿತ್ತು. ಗೋಡೆಗೆ ಒರಗಿ ನಾವು ಬಹಳ ಹೊತ್ತು ನೋಡಿದೆವು.

ಇಲ್ಲಿ ವಾಸವಿರುವವರು 800ಕ್ಕಿಂತ ಕಡಿಮೆ. ಬರುವ ಪ್ರವಾಸಿಗರಿಗೆ ಲೆಕ್ಕವಿಲ್ಲ. ಬಹುಪಾಲು ಜನ ಫೋಟೋ ತೆಗೆದುಕೊಂಡು ಬಸ್ಸು ಹತ್ತುತ್ತಾರೆ. ನೀವು ಹೋಗುವುದಾದರೆ ಶರತ್ಕಾಲದ ಯಾವುದಾದರೂ ವಾರದ ನಡುವೆ ಹೋಗಿ, ರೈಲಿನಲ್ಲೇ ಹೋಗಿ, ದೋಣಿಯಲ್ಲೇ ಊರು ಸೇರಿ. ಓಣಿಗಳಲ್ಲಿ ದನಿ ತಗ್ಗಿಸಿ ಮಾತಾಡಿ, ಆ ಕಿಟಕಿಗಳ ಹಿಂದೆ ಸಂಸಾರಗಳಿವೆ. ವಯಸ್ಸಾದವರು ಜೊತೆಗಿದ್ದರೆ ನಿಧಾನವಾಗಿ ಹತ್ತಿಸಿ; ಆದರೆ ಮೇಲಿನ ಚರ್ಚಿನ ಅಂಗಳ ನೋಡದೆ ಮಾತ್ರ ಹಿಂತಿರುಗಬೇಡಿ.