ಲಕ್ಕೂರಿನ ಅಂಗಡಿಯ ಮೂರು ಕಂಪ್ಯೂಟರ್

“ಯಾವ ಓಎಸ್ ಹೊಡೆಸ್ಬೇಕಣ್ಣಾ?”

ಮಾಲೂರು ತಾಲ್ಲೂಕಿನ ಲಕ್ಕೂರಿನಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಡಿಟಿಪಿ, ಜೆರಾಕ್ಸ್ ಅಂಗಡಿ ನಡೆಸಿಕೊಂಡು ಬಂದವರೊಬ್ಬರು ಅತಿ ಹೆಚ್ಚು ಸಲ ಕೇಳಿಸಿಕೊಂಡ ಪ್ರಶ್ನೆ ಇದು. ಓಎಸ್ ಎಂದರೆ ಯಂತ್ರವನ್ನು ನಡೆಸುವ ಮೂಲ ತಂತ್ರಾಂಶ. ಊರವರ ಬಾಯಲ್ಲಿ ಮಾತ್ರ ಅದು ‘ಹೊಡೆಸುವ’ ವಸ್ತು. ಲಕ್ಕೂರು ಹೋಬಳಿ ಕೇಂದ್ರವಾದ್ದರಿಂದ ಪಹಣಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಪಿಂಚಣಿ ಎಂದು ಸುತ್ತಲಿನ ಹಳ್ಳಿಗಳವರು ಬರುತ್ತಲೇ ಇರುತ್ತಾರೆ. ಕಾಗದಪತ್ರದ ಕೆಲಸ ಗೊತ್ತಿದ್ದ ಇವರು ಅವರಿಗೆಲ್ಲ ‘ಕಂಪ್ಯೂಟರ್ ಅಣ್ಣ’ ಆದರು. ಪ್ರಶ್ನೆ ಬದಲಾಗದಿದ್ದರೂ ಅವರು ಕೊಟ್ಟ ಉತ್ತರ ಮೂರು ಸಲ ಬದಲಾಯಿತು.

2002ರಲ್ಲಿ ಅವರ ಮೊದಲ ಕಂಪ್ಯೂಟರ್ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಮಾಲೂರಿಗೆ ರೈಲಿನಲ್ಲಿ ಬಂತು, ಮಾನಿಟರ್ ತೊಡೆಯ ಮೇಲೆ, ಸಿಪಿಯು ಕಾಲ ಸಂದಿಯಲ್ಲಿ. ಸೆಕೆಂಡ್ ಹ್ಯಾಂಡ್ ಯಂತ್ರ, ಅದರ ರ‍್ಯಾಮ್ 32 ಎಂಬಿ. ಹಿಂದಿನ ವರ್ಷವಷ್ಟೇ ಹೊರಬಂದಿದ್ದ ವಿಂಡೋಸ್ ಎಕ್ಸ್‌ಪಿಗೆ ಕನಿಷ್ಠ 64 ಎಂಬಿ ಬೇಕಿತ್ತು. ವಿಂಡೋಸ್ 98 ಹದಿನಾರರಲ್ಲೇ ಏಳುತ್ತಿತ್ತು. ಮಾರಿದ ಅಂಗಡಿಯವನು 98 ಹಾಕಿ ಕಳಿಸಿದ. ಎತ್ತಿನ ಶಕ್ತಿ ನೋಡಿ ನೊಗ ಹೂಡಬೇಕೆಂಬ ಮೊದಲ ಪಾಠ ಅಲ್ಲೇ ಆಯಿತು.

ಆಗ ವಿಂಡೋಸ್ ಬಿಟ್ಟು ಬೇರೆ ದಾರಿಯೂ ಇರಲಿಲ್ಲ. ಕಾರಣ ಕನ್ನಡ. 1998ರಲ್ಲಿ ಶೇಷಾದ್ರಿವಾಸು ರೂಪಿಸಿದ ‘ಬರಹ’, ಅದರ ಹಿಂದೆಯೇ ಕನ್ನಡ ಗಣಕ ಪರಿಷತ್ತಿನ ‘ನುಡಿ’, ಎರಡೂ ವಿಂಡೋಸ್‌ಗಾಗಿ ಬಂದವು. ನುಡಿಯ ಕೀಲಿಮಣೆ ವಿನ್ಯಾಸ ಮೂಲತಃ ಕೆ.ಪಿ. ರಾವ್ ಅವರದು. ‘ಕ’ಗೆ ಕೆ, ‘ಗ’ಗೆ ಜಿ ಎಂದು ಉಚ್ಚಾರಣೆಗೆ ತಕ್ಕ ಕೀಲಿ ಒತ್ತುವ ಆ ಕ್ರಮ ವಾರದೊಳಗೆ ಕೈಗೆ ಹತ್ತಿತು. ಮದುವೆ ಲಗ್ನಪತ್ರಿಕೆ, ಚಿಕ್ಕತಿರುಪತಿಯ ಶ್ರಾವಣ ಶನಿವಾರದ ಅನ್ನದಾನದ ಕರಪತ್ರ, ಹೆಂಚಿನ ಕಾರ್ಖಾನೆಯ ಬಿಲ್ಲು, ಎಲ್ಲವೂ ಪುಟ ಜೋಡಿಸುವ ಪೇಜ್‌ಮೇಕರ್‌ನಲ್ಲಿ ನುಡಿ ಅಕ್ಷರಗಳಿಂದಲೇ ಹುಟ್ಟುತ್ತಿದ್ದವು.

ಅದೇ ಕಾಲಕ್ಕೆ ‘ಭೂಮಿ’ ಯೋಜನೆ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಕೈಬರಹದ ಪಹಣಿಗೆ ಗ್ರಾಮಲೆಕ್ಕಿಗರನ್ನು ಹುಡುಕಿ ಅಲೆಯುತ್ತಿದ್ದ ರೈತರು 15 ರೂಪಾಯಿ ಕೊಟ್ಟು ತಾಲ್ಲೂಕು ಕಚೇರಿಯಲ್ಲಿ ಅಚ್ಚಾದ ಹಾಳೆ ಪಡೆಯತೊಡಗಿದರು. ಮೊದಲು ನೆಮ್ಮದಿ ಕೇಂದ್ರ, 2012ರಿಂದ ಅಟಲ್‌ಜೀ ಜನಸ್ನೇಹಿ ಕೇಂದ್ರ, ಹೀಗೆ ಆ ಕೆಲಸ ಹೋಬಳಿಗೇ ಬಂತು. ಅಂಗಡಿಯ ಕಸುಬೂ ಜೊತೆಗೇ ತಿರುಗಿತು. ಅಕ್ಷರ ಜೋಡಿಸುತ್ತಿದ್ದ ಕೈ ಆನ್‌ಲೈನ್ ಅರ್ಜಿ ತುಂಬತೊಡಗಿತು.

ಜನರೊಂದಿಗೆ ಪೆನ್‌ಡ್ರೈವ್‌ಗಳೂ ಬಂದವು, ಅವುಗಳೊಂದಿಗೆ ವೈರಸ್. ಫೋಲ್ಡರುಗಳೆಲ್ಲ ಮಾಯವಾಗಿ ಅವುಗಳ ಹೆಸರಿನ ಶಾರ್ಟ್‌ಕಟ್ ಮಾತ್ರ ಉಳಿಯುವ ಕಾಟವನ್ನು ಆ ಕಾಲದ ಯಾವ ಜೆರಾಕ್ಸ್ ಅಂಗಡಿಯವರೂ ಮರೆತಿರಲಾರರು. ತಿಂಗಳಿಗೊಮ್ಮೆ ಫಾರ್ಮ್ಯಾಟ್. 2009ರ ಸುಮಾರಿಗೆ, ಎಂಜಿನಿಯರಿಂಗ್ ಓದುತ್ತಿದ್ದ ಅಕ್ಕನ ಮಗ ಉಬುಂಟು ಎಂಬ ಓಎಸ್‌ನ ಸಿ.ಡಿ. ತಂದುಕೊಟ್ಟ. ಕೇಳಿದವರ ಮನೆಗೆ ಉಬುಂಟು ರೂಪಿಸಿದ ಸಂಸ್ಥೆ ಆಗ ಸಿ.ಡಿ.ಯನ್ನು ಪುಕ್ಕಟೆ ಕಳಿಸುತ್ತಿತ್ತು. ಲಿನಕ್ಸ್ ಮೇಲೆ ನಿಂತ ಆ ವ್ಯವಸ್ಥೆಯಲ್ಲಿ ಪೆನ್‌ಡ್ರೈವಿನ ವೈರಸ್ ಅಲ್ಲಾಡಲಿಲ್ಲ. ಅಣ್ಣನಿಗೆ ಹಬ್ಬ. ಸಂಜೆ ಒಂದು ಲಗ್ನಪತ್ರಿಕೆಯ ಒಕ್ಕಣೆ ನುಡಿಯಲ್ಲಿ ಟೈಪಾಗಿ ಬಂತು. ತೆರೆದರೆ ವಧೂವರರ ಹೆಸರಿನ ಜಾಗದಲ್ಲಿ ತಲೆಯ ಮೇಲೆ ಚುಕ್ಕಿ, ಗೀಟು ಹೊತ್ತ ಇಂಗ್ಲಿಷ್ ಅಕ್ಷರಗಳ ಸಾಲು! ರಾತ್ರಿಯೇ ವಿಂಡೋಸ್ ಮರಳಿತು.

ತಪ್ಪು ಲಿನಕ್ಸಿನದಾಗಿರಲಿಲ್ಲ. ಹಳೆಯ ನುಡಿ, ಬರಹಗಳಲ್ಲಿ ಕಡತದೊಳಗೆ ಉಳಿಯುತ್ತಿದ್ದುದು ಇಂಗ್ಲಿಷ್ ಸಂಕೇತಗಳು. ಅವುಗಳ ಮೇಲೆ ಕನ್ನಡದ ಆಕಾರ ತೊಡಿಸುತ್ತಿದ್ದುದು ಫಾಂಟು. ಫಾಂಟು ಇಲ್ಲದ ಕಡೆ ಕನ್ನಡವೇ ಇಲ್ಲ. ಯೂನಿಕೋಡ್‌ನಲ್ಲಿ ಹಾಗಲ್ಲ, ಪ್ರತಿ ಕನ್ನಡ ಅಕ್ಷರಕ್ಕೂ ಜಗತ್ತಿನ ಎಲ್ಲ ಯಂತ್ರಗಳೂ ಒಪ್ಪಿದ ತನ್ನದೇ ಸಂಖ್ಯೆಯಿದೆ. ಎಕ್ಸ್‌ಪಿಯಲ್ಲೇ ‘ತುಂಗಾ’ ಎಂಬ ಯೂನಿಕೋಡ್ ಫಾಂಟು ಇತ್ತು. ಆದರೆ ಅದನ್ನು ಎಚ್ಚರಿಸಲು ಸೆಟ್ಟಿಂಗ್ಸ್ ಒಳಹೊಕ್ಕು, ವಿಂಡೋಸ್ ಸಿ.ಡಿ. ಹಾಕಿ, ಭಾರತೀಯ ಲಿಪಿಗಳ ಕಡತ ಸೇರಿಸಬೇಕಿತ್ತು. ಪೇಜ್‌ಮೇಕರ್‌ಗಂತೂ ಯೂನಿಕೋಡ್ ಕನ್ನಡ ಕೊನೆಯವರೆಗೂ ಒಗ್ಗಲಿಲ್ಲ. ಓಎಸ್ ತಾವು ಆರಿಸಿಕೊಂಡದ್ದೆಂದು ಡಿಟಿಪಿಯವರು ತಿಳಿದಿದ್ದರು. ನಿಜವಾಗಿ ಅದನ್ನು ಆರಿಸಿದ್ದು ಅವರ ಹಳೆಯ ಕಡತಗಳು.

2014ರ ಏಪ್ರಿಲ್ 8ಕ್ಕೆ ಎಕ್ಸ್‌ಪಿಗೆ ಭದ್ರತಾ ತಿದ್ದುಪಡಿಗಳು ನಿಂತವು. 2017ರ ಮೇ ತಿಂಗಳಲ್ಲಿ ‘ವನ್ನಾಕ್ರೈ’ ಎಂಬ ಕುತಂತ್ರಾಂಶ ತಿದ್ದುಪಡಿ ಕಾಣದ ವಿಂಡೋಸ್ ಯಂತ್ರಗಳ ಕಡತಗಳಿಗೆ ಬೀಗ ಜಡಿದು ಹಣ ಕೇಳಿದ ಸುದ್ದಿ ದೇಶದೇಶಗಳಿಂದ ಬಂತು. ಅಣ್ಣ 98ರ ನಂತರ ತಂದಿದ್ದ ಎಕ್ಸ್‌ಪಿ ಯಂತ್ರದ ಇಂಟರ್‌ನೆಟ್ ವೈರು ಕಿತ್ತು, ಹಳೆಯ ಪೇಜ್‌ಮೇಕರ್ ಕಡತಗಳಿಗೆಂದೇ ಮೂಲೆಗಿಟ್ಟರು. ಎರಡನೆಯ ಸಲ ಲಿನಕ್ಸ್ ಕೈಗೆತ್ತಿಕೊಂಡದ್ದು ಆಗ.

ಈ ಸಲ ಅವಸರ ಮಾಡಲಿಲ್ಲ. ಪೆನ್‌ಡ್ರೈವಿನಿಂದಲೇ ಲಿನಕ್ಸ್ ನಡೆಸಿ, ಡಿಸ್ಕ್ ಮುಟ್ಟದೆ ಒಂದು ವಾರ ನೋಡಿದರು. ಕೀಲಿಮಣೆಗಳ ಪಟ್ಟಿಯಲ್ಲಿ ‘ಕನ್ನಡ, ಕಗಪ’ ಎಂಬ ಹೆಸರು ಕಂಡು ಕಣ್ಣರಳಿತು. ಕನ್ನಡ ಗಣಕ ಪರಿಷತ್ತಿನ ವಿನ್ಯಾಸ ಮೊದಲೇ ಅಲ್ಲಿತ್ತು, ಬೆರಳುಗಳು ಹೊಸದೇನನ್ನೂ ಕಲಿಯಬೇಕಾಗಲಿಲ್ಲ. ಅರ್ಜಿಗಳು ಬ್ರೌಸರ್‌ನಲ್ಲೇ ಹೋಗುತ್ತಿದ್ದವು. ತೊಡಕಾದದ್ದು ಎರಡು ಕಡೆ. ಅಂಗಡಿಯ ಲೇಸರ್ ಪ್ರಿಂಟರು ಕಾಗದ ಬಿಡಲಿಲ್ಲ, ಬೆರಳ ಗುರುತು ಓದುವ ಯಂತ್ರಕ್ಕೆ ವಿಂಡೋಸ್ ತಂತ್ರಾಂಶ ಮಾತ್ರ ಇತ್ತು. ಪ್ರಿಂಟರು ಬದಲಾಯಿತು. ಬೆರಳ ಗುರುತಿಗೆ ವಿಂಡೋಸ್ 10ರ ಯಂತ್ರವೊಂದು ಉಳಿಯಿತು. ಒಂದೇ ಅಂಗಡಿಯಲ್ಲಿ ಮೂರು ಓಎಸ್ ಆದದ್ದು ಹೀಗೆ.

ಅಂದಿನಿಂದ ಅಣ್ಣ ಉತ್ತರ ಕೊಡುವ ಮೊದಲು ತಾವೇ ಕೇಳತೊಡಗಿದರು: ಏನು ಕೆಲಸಕ್ಕಪ್ಪಾ? ಯಂತ್ರ ಎಷ್ಟು ಹಳೇದು? ಪ್ರಿಂಟರ್ ಯಾವುದು? ಲೆಕ್ಕ ಬರೆಯುವವರಿಗೆ ಟ್ಯಾಲಿ ಬೇಕು, ಅದು ವಿಂಡೋಸ್‌ಗೆಂದೇ ಮಾಡಿದ್ದು. ಫೋಟೋ ಸ್ಟುಡಿಯೋದವರಿಗೆ ಫೋಟೋಶಾಪ್ ಬೇಕು, ವಿಂಡೋಸ್ ಅಥವಾ ಮ್ಯಾಕ್ ಬಿಟ್ಟರೆ ಗತಿಯಿಲ್ಲ. ಮ್ಯಾಕ್ ಬೇಕೆಂದರೆ ಆಪಲ್ ಯಂತ್ರವನ್ನೇ ಕೊಳ್ಳಬೇಕು, ಅದರ ಬೆಲೆಗೆ ಅಂಗಡಿಯ ಮೂರೂ ಯಂತ್ರ ಬರುತ್ತವೆ. ಓದು, ಪ್ರೋಗ್ರಾಮಿಂಗ್, ಅರ್ಜಿ, ಪತ್ರ ಇಷ್ಟೇ ಆದರೆ ಲಿನಕ್ಸ್ ಸಾಕು. ಅದು ಕಷ್ಟವೆಂದು ಹೆದರಿದವರಿಗೆ ಅವರು ಕಾಸರಗೋಡಿನ ಮಾತು ಹೇಳುತ್ತಾರೆ. ಕೇರಳದ ಸರ್ಕಾರಿ ಶಾಲೆಗಳ ಕಂಪ್ಯೂಟರ್ ಪಾಠ ನಡೆಯುವುದು ಲಿನಕ್ಸಿನಲ್ಲಿ. ಅಲ್ಲಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿಯುತ್ತಾರೆ. ಆಂಡ್ರಾಯ್ಡ್ ಫೋನಿನ ತಿರುಳೂ ಲಿನಕ್ಸೇ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ನಿಂತಾಗ ಅಂಗಡಿಯ ಮುಂದೆ ಮತ್ತೆ ಅದೇ ಪ್ರಶ್ನೆ. ವಿಂಡೋಸ್ 11ಕ್ಕೆ 4 ಜಿಬಿ ರ‍್ಯಾಮ್ ಇದ್ದರೆ ಸಾಲದು, ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯವೂ ಹೊಸ ಪ್ರೊಸೆಸರೂ ಬೇಕು. ಹತ್ತು ವರ್ಷದ ಯಂತ್ರಗಳು ಗಟ್ಟಿಯಾಗಿದ್ದರೂ ಆ ಬಾಗಿಲು ದಾಟಲಾರವು. ಅವನ್ನು ಗುಜರಿಗೆ ಹಾಕುವ ಮಾತು ಬಂದರೆ ಅಣ್ಣನಿಗೆ ಸಂಕಟ. ಅಂಥ ಹಲವಕ್ಕೆ ಹಗುರವಾದ ಲಿನಕ್ಸ್ ಹಾಕಿ, ಕಗಪ ಕೀಲಿಮಣೆ ಜೋಡಿಸಿ ಮಕ್ಕಳ ಕೈಗೆ ಕೊಟ್ಟಿದ್ದಾರೆ.

ಮಧ್ಯಾಹ್ನ ಗಿರಾಕಿ ಕಡಿಮೆಯಾದಾಗ ಅವರು ಮೂಲೆಯ ಎಕ್ಸ್‌ಪಿ ಯಂತ್ರ ಹಚ್ಚುತ್ತಾರೆ. ಹಳೆಯ ಕಡತಗಳನ್ನು ಒಂದೊಂದಾಗಿ ತೆರೆದು, ಪರಿವರ್ತಕದಲ್ಲಿ ಹಾಯಿಸಿ ಯೂನಿಕೋಡ್‌ಗೆ ತರುವ ಕೆಲಸ. ಅರ್ಕಾವತ್ತು ಕೆಲವೆಡೆ ಜಾಗ ತಪ್ಪುತ್ತದೆ, ಒತ್ತಕ್ಷರ ಕಳಚುತ್ತದೆ, ಕೈಯಿಂದಲೇ ತಿದ್ದಬೇಕು. ಮೊನ್ನೆ ಒಬ್ಬಳು ಹುಡುಗಿ ಬಂದು, ಅಪ್ಪ ಅಮ್ಮನ ಲಗ್ನಪತ್ರಿಕೆ ಇಲ್ಲೇ ಮಾಡಿಸಿದ್ದಂತೆ, ಸಿಗುತ್ತಾ ಎಂದಳು. 2004ರ ಫೋಲ್ಡರಿನಲ್ಲಿ ಸಿಕ್ಕಿತು. ಪರಿವರ್ತಿಸಿ, ‘ಮುಹೂರ್ತ’ದ ಅರ್ಕಾವತ್ತನ್ನು ಅದರ ಜಾಗಕ್ಕೆ ತಂದು, ಅಣ್ಣ ಅದನ್ನು ಅವಳ ಫೋನಿಗೆ ಕಳಿಸಿದರು. ಅಂಗಡಿಯ ಮೆಟ್ಟಿಲ ಮೇಲೆ ನಿಂತು ಅವಳು ಇಡೀ ಪತ್ರಿಕೆಯನ್ನು ಗಟ್ಟಿಯಾಗಿ ಓದಿದಳು.